ನೂರಕ್ಕೊಂದು ಹೆಚ್ಚಿನ ಗುಮ್ಮಟ

ಖಾನಾಪುರದ ಸ್ಟೇಶನ್ ಹಿಂದಿನ ಓಣ್ಯಾಗ ಕಾಡವ್ವನ ಮನಿ. ಆ ಮನ್ಯಾಗ ನೆಟ್ಟಗ ಮುಚ್ಚೂವಂಥಾ ಬಾಗಲಾ ಒಂದೂ ಇರಲಿಲ್ಲ. ಅಡಗಿಮನಿ ಕಪಾಟ ಮುಚ್ಚಬೇಕಂದ್ರ ಮೊಣಕಾಲ ಕೊಟ್ಟು ಒತ್ತಬೇಕು, ತಗೀಬೇಕಂದ್ರ ಉಳ್ಳಾಗಡ್ಡಿ ಹೆಚ್ಚೂ ಚಾಕು ಸಂದ್ಯಾಗ ತುರುಕಿ ಮೀಟಬೇಕು. ಬಚ್ಚಲದ ಬಾಗಲಾ ಹಾಕ್ಕೊಂಡವರು ಹೊರಗ ಬರಬೇಕಾದ್ರ ಯಾರನ್ನರ ಕರದು ಒದಿಸ್ಕೋಬೇಕು. ಇನ್ನ ದೇವರ ಜಗಲಿ ಕೆಳಗಿನ ಖಣಾ. ಅದನ್ನ ಒಳಗ ತಳ್ಳಿ ಇಪ್ಪತ್ತ ವರ್ಷ ಆತು, ಇವತ್ತಿಗೂ ಹೊರಗ ಬಂದಿಲ್ಲ. ಅದರಾಗ ಆಕಿ ಲಗ್ನದ ಫೋಟೋ ಅದಾವು.

ಇವನ್ನೆಲ್ಲಾ ಮಾಡಿದಾಂವ ಯಾರೋ ಅರೆಬರೆ ಕಲತ ಬಡಿಗ್ಯಾ ಅಲ್ಲ, ಆಕಿ ಗಂಡ ಗುರುಸಿದ್ದಪ್ಪ. ಕುರಿ ಕಾಯೂ ಮನಿತನದಾಗ ಹುಟ್ಟಿ, ಬೆಳಗಾವಿ ಉದ್ಯಮಬಾಗಿನ ಒಂದ ಫೌಂಡ್ರಿಗೆ ಕಸಾ ಹೊಡ್ಯಾಕ ಸೇರಿ, ಮೂವತ್ತಾರ ವರ್ಷ ದುಡದು ಪ್ಯಾಟರ್ನ್ ಮೇಕರ್ ಆಗಿ ರಿಟಾಯರ್ ಆದಾಂವ. ಪಂಪ್ ಇರಲಿ, ಎಂಜಿನ್ ಮುಚ್ಚಳಾ ಇರಲಿ, ಕಬ್ಬಿಣದಾಗ ಎರಕಾ ಹೊಯ್ಯೂ ಮದ್ಲ ಅದನ್ನ ಕಟಗ್ಯಾಗ ಮಾಡಬೇಕಲ್ಲ, ಅದಕ್ಕ ಪ್ಯಾಟರ್ನ್ ಅಂತಾರ. ಆ ಕಟಗಿ ಅಚ್ಚನ್ನ ಉಸುಕಿನ್ಯಾಗ ಒತ್ತಿ ತಗದು, ಉಳದ ತಗ್ಗಿನ್ಯಾಗ ಕಬ್ಬಿಣದ ನೀರ ಸುರೂವ್ತಾರ. ಗುರುಸಿದ್ದಪ್ಪನ ಪ್ಯಾಟರ್ನ್ ಕೂದಲೆಳಿಯಷ್ಟೂ ಆಚೀಚೆ ಆಗೂದಿಲ್ಲಂತ ಕೊಲ್ಹಾಪುರದ ಮಟಾ ಹೆಸರು. ಕೊಲ್ಹಾಪುರದವರಿಗೇನು, ಅವರು ಈ ಬಚ್ಚಲದಾಗ ಜಳಕಾ ಮಾಡಬೇಕೇನು? ಊರಿಗೆ ಉಪಕಾರಿ, ಮನಿಗೆ ಮಾರಿ ಅಂತ ಕಾಡವ್ವ ಸಾವಿರ ಸಲ ಅಂದಿದ್ದಳು.

ಕೇಳಿದ್ರ ಒಂದಽ ಉತ್ತರಾ. "ಮಳಿಗೆ ಕಟಗಿ ಉಬ್ಬೇತಿ."

"ಏಪ್ರಿಲ್ ತಿಂಗಳದಾಗ ಎಲ್ಲಿ ಮಳಿ ಐತ್ರಿ?"

"ಹೋದ ವರ್ಷದ ತಂಪು ಇನ್ನೂ ಆರಿಲ್ಲ. ಖಾನಾಪುರದ ಮಳಿ ಅಂದ್ರ ಏನ ತಿಳದಿ?"

ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ. ಇಂಥಾ ಮನಷಾನ ಜೋಡಿ ಕಾಡವ್ವ ಮೂವತ್ತೊಂದ ವರ್ಷ ಸಂಸಾರ ಮಾಡಿದ್ದಳು.

ಬಾಗಲದ ಸಿಟ್ಟು ದಿನಾ ಬಂದು ಹೋಗೂವಂಥಾದ್ದು, ಇರಲಿ. ಬ್ಯಾರೆ ಒಂದ ಸಿಟ್ಟು ಇತ್ತು, ಅದು ಹೋಗೂವಂಥಾದ್ದಲ್ಲ. ಲಗ್ನಾಗಿ ಏಳ ವರ್ಷಕ್ಕ ಆಕಿ ಬಸರಾದಳು. ಮಂದಿ ಆಡಿಕೊಳ್ಳೂದು ನಿಂತಿತು. ಏಳನೇ ತಿಂಗಳಿಗೆ ಕುಬಸಾ ಇಟ್ರು. ಕುಬಸಾ ಅಂದ್ರ ಬಸರಿಗೆ ಹಸರ ಸೀರಿ ಉಡಿಸಿ, ಕೈತುಂಬ ಹಸರ ಬಳಿ ಇಡಿಸಿ ಆರತಿ ಮಾಡೂದು. ಸೀರಿ ತವರಮನಿಯಿಂದ ಬಂತು. ಬಳಿ ಮಾತ್ರ ನಾನಽ ಬೆಳಗಾವಿ ಖಡೇ ಬಜಾರದಿಂದ ತರತೇನಿ ಅಂತ ಗುರುಸಿದ್ದಪ್ಪ ಎದಿ ತಟಗೊಂಡು ಹೋದ. ಸಂಜೀಕ ಬರಿಗೈಲೆ ಬಂದ. "ಮರತೆ" ಅಂದ. ಮರೂದಿನ, ಅದರ ಮರೂದಿನಾನೂ ಮರತ. ಕುಬಸದ ದಿನಾ ಕಾಡವ್ವ ಹಳೇ ಒಡಕ ಬಳ್ಯಾಗಽ ಮಣಿ ಮ್ಯಾಲ ಕುಂತಳು. ನಾದಿನಿ ಸಂಗವ್ವ ನಾಕ ಮಂದಿ ಮುಂದ, "ಏಳ ವರ್ಷ ಕಾದಾಕಿಗೆ ಎರಡ ಡಜನ್ ಬಳಿ ಸಿಗಲಿಲ್ಲೇನವ್ವಾ?" ಅಂದಳು. ಆ ಮಾತು ಇಪ್ಪತ್ನಾಕ ವರ್ಷದ ಮ್ಯಾಲೂ ಕಾಡವ್ವನ ಕಿವ್ಯಾಗ ಹಂಗಽ ಇತ್ತು.

ಅದಕ್ಕೂ ಗುರುಸಿದ್ದಪ್ಪನ ಕಡೆ ಒಂದ ನೆವಾ ಇತ್ತು. "ನಾ ಮರೀಬಾರದಂತ ಬರದ ಇಟ್ಟಿದ್ದೆ ನೋಡು. ಎಲ್ಲಿ ಬರದೆ ಅನ್ನೂದು ಮರತೆ."

ಅಂವ ಕಾಗದದ ಮ್ಯಾಲ ಬರಿಯೂ ಮನಷಾನಽ ಅಲ್ಲ. ಪ್ಯಾಟರ್ನ್ ಶಾಪಿನವರ ರೂಢಿ ಅದು, ಕಿವಿ ಹಿಂದಿನ ಪೆನ್ಸಿಲ್ ತಗೊಂಡು ಕೈಯಾಗಿನ ಕಟಗಿ ಮ್ಯಾಲಽ ಬರಿಯೂದು. ಹಾಲಿನ ಲೆಕ್ಕ ಬಾಗಲದ ತೋಳಿನ ಮ್ಯಾಲ, ಮಗಳು ಮಾಯಾನ ಹುಟ್ಟಿದ ತಾರೀಖು ಕಿಡಕಿ ಚೌಕಟ್ಟಿನ ಮ್ಯಾಲ. ಬಳಿ ಬರದದ್ದು ಎಲ್ಲಿ ಅಂದ್ರ ಮಾತ್ರ ಕೈ ಝಾಡಸ್ತಿದ್ದ. ಕಾಡವ್ವ ನಂಬಲಿಲ್ಲ. ಯಾಕ ನಂಬಬೇಕು?

ನಂಬಲಾರದ ಇನ್ನೊಂದ ಮಾತು ಗುಮ್ಮಟದ್ದು. ಆ ವರ್ಷಽ ಬೆಳಗಾವಿ ಕ್ಯಾಂಪಿನ್ಯಾಗಿನ ಒಬ್ಬ ಮುದುಕ ಎಂಜಿನಿಯರ ಸಾಹೇಬ್ರು ಫೌಂಡ್ರಿಗೆ ಬಂದು, ನಕಾಶಿ ಕೊಟ್ಟು, ವಿಜಾಪುರದ ಗೋಲಗುಮ್ಮಟಾ ಸಾಗವಾನಿ ಕಟಗ್ಯಾಗ ಮಾಡಿಸ್ಕೊಂಡ್ರಂತ. ಆರ ತಿಂಗಳ ಐತವಾರ ಕುಂತು ಇಂವ ಮಾಡಿ ಕೊಟ್ಟನಂತ. ಸಾಹೇಬ್ರು ಸತ್ತರು, ಗುಮ್ಮಟಾ ಎಲ್ಲಿ ಹೋತೋ. ನೋಡಿದವರಿಲ್ಲ, ಕೇಳಿದವರಿಲ್ಲ. ಮೂವತ್ತಾರ ವರ್ಷ ಮಾಡಿದ ಪ್ಯಾಟರ್ನ್ ಎಲ್ಲಾ ಹಳೇವಾದ ಮ್ಯಾಲ ಒಲಿ ಸೇರಿದ್ದವು. ತೋರಸಾಕ ಕೈಯಾಗ ಒಂದೂ ಇಲ್ಲದ ಮನಷಾ, ಕಾಣದ ಗುಮ್ಮಟದ ಸುದ್ದಿ ಹೇಳ್ತಾನ ಅಂತ ಕಾಡವ್ವ ಒಳಗೊಳಗ ಮರುಗಿ ಸುಮ್ಮನಾಗಿದ್ದಳು.

ಎರಡ ಸಾವಿರದ ಒಂದನೇ ಇಸ್ವಿ, ದೀಪಾವಳಿ ಮುಗದ ವಾರ. ಗುರುಸಿದ್ದಪ್ಪ ಕಟಿಂಗಿಗಂತ ಸತ್ಯಪ್ಪನ ಅಂಗಡಿಗೆ ಹೋದಾಂವ, ಅರ್ಧಾ ತಲಿ ಕತ್ತರಿಸ್ಕೊಂಡು ಮನಿಗೆ ಓಡಿ ಬಂದ. ಕೈಯಾಗ ಪೇಪರು.

"ನೋಡಽ! ನಂದು! ನನ್ನ ಗುಮ್ಮಟಾ!"

ಪೇಪರಿನ್ಯಾಗ ಫೋಟೋ ಇತ್ತು. ಬೆಳಗಾವಿ ಕ್ಯಾಂಪಿನ್ಯಾಗ ಯಾರೋ ಶ್ರೀಮಂತರು ಹಳೇ ಬಂಗ್ಲೆದಾಗ ಇಸ್ಲಾಮೀ ಕಲಾ ಮತ್ತು ಕಟ್ಟಡಗಳ ಮ್ಯೂಸಿಯಂ ತಗದಾರಂತ. ಅಲ್ಲಿ ಗೋಲಗುಮ್ಮಟದ ಕಟಗಿ ಮಾದರಿ ಐತಂತ, ಗುಮ್ಮಟಾ ಕಟ್ಟೂ ಮದ್ಲ ಶಿಲ್ಪಿಗಳು ಮಾಡಿಕೊಂಡಿದ್ದು, ಮುನ್ನೂರೈವತ್ತ ವರ್ಷದ್ದು.

"ನಿಮಗೆಷ್ಟ ವಯಸ್ಸರಿ?" ಅಂದಳು ಕಾಡವ್ವ. "ಮುನ್ನೂರೈವತ್ತೇನು?"

"ಏ, ಆ ಬಲಗಡಿ ಮಿನಾರ ನೋಡು, ತುದಿ ಕರ್ರಗೈತಿ. ಉಳಿ ಜಾರಿ ಮುರೀತಂತ ಸೀಸಂ ಕಟಗಿ ತುಂಡ ಕೂಡಿಸಿದ್ದೆ!"

ತಪ್ಪಾದದ್ದೇನಂದ್ರ, ಇದನ್ನ ಅಂವ ಸತ್ಯಪ್ಪನ ಅಂಗಡ್ಯಾಗ ಮದ್ಲಽ ಒದರಿ ಬಂದಿದ್ದ. ಬಾಯಿ ಬಿಟ್ಟರ ಬಣ್ಣಗೇಡು. ಎರಡ ದಿನದಾಗ ಊರೆಲ್ಲಾ ಆತು. ಬಸ್ ಸ್ಟ್ಯಾಂಡಿನ್ಯಾಗ, "ಏನ್ ಗುರುಸಿದ್ದಪ್ಪಾ, ತಾಜಮಹಲೂ ನಿಂದಽ ಏನು?" ಅನ್ನಾಕತ್ರು. ಕಾಡವ್ವ ಹಿಟ್ಟಿನ ಗಿರಣಿಗೆ ಹೋದ್ರ, "ಬಾ ಬೇಗಂ ಸಾಹೇಬಾ" ಅಂದ್ರು. ಗುರುಸಿದ್ದಪ್ಪ ಊಟಾ ಬಿಟ್ಟ. ಮನಿ ಬಿಟ್ಟು ಹೊರಗ ಬರೂದೂ ಬಿಟ್ಟ. ಅರ್ಧಾ ಕಟಿಂಗ್ ತಲಿ ಅರ್ಧಾನಽ ಉಳೀತು.

"ಬೆಳಗಾವಿಗೆ ಹೋಗಿ ಬರತೇನಿ," ಅಂದ ಮೂರನೇ ದಿನಾ. "ಸುಳ್ಳ ಹೇಳಿದಾಂವ ಅಂತ ಅನಿಸ್ಕೊಂಡು ಸಾಯಾಕ ನನ್ನಿಂದ ಆಗೂದಿಲ್ಲ."

ಕಾಡವ್ವನೂ ಸೀರಿ ಬದಲಿಸಿದಳು. ನಂಬಿಕೊಂಡು ಹೊಂಟಿದ್ದಲ್ಲ. ಅಲ್ಲೂ ಮಂದಿ ನಕ್ಕರ ರಟ್ಟಿ ಹಿಡದು ಕರಕೊಂಡು ಬರಾಕ ಯಾರರ ಬೇಕಲ್ಲ, ಅದಕ್ಕ.

ಬಸ್ಸು ಉದ್ಯಮಬಾಗಕ್ಕ ಬಂತು. ಫೌಂಡ್ರಿ ಗೇಟು ಬಂದಾಗ ಗುರುಸಿದ್ದಪ್ಪ ಕಿಡಕ್ಯಾಗ ಬಗ್ಗಿ ನೋಡಿ, ಒಳ ಅಂಗಿಯ ಉದ್ದ ಕಿಸೆ ಮುಟ್ಟಿ ನೋಡಿಕೊಂಡ. ಆ ಕಿಸೆದಾಗ ಅವನ ಉಕ್ಕಿನ ಅಳತಿಪಟ್ಟಿ. ರಿಟಾಯರ್ ಆದ್ರೂ ಅದನ್ನ ಬಿಟ್ಟಿರಲಿಲ್ಲ. ಬೆನ್ನ ತುರಿಸ್ಕೊಳ್ಳಾಕೂ ಅದಽ, ನಾಯಿ ಹೊಡ್ಯಾಕೂ ಅದಽ.

ಮ್ಯೂಸಿಯಮ್ಮಿನ ಬಾಗಲದಾಗ ಬಂಡೆಪ್ಪಂತ ಒಬ್ಬ ವಾಚಮನ್ ಕುಂತಿದ್ದ. ಚಪ್ಪಲಿ ಇಲ್ಲಿ ಬಿಡ್ರಿ, ಚೀಲಾ ಅಲ್ಲಿ ಇಡ್ರಿ, ಯಾವುದನ್ನೂ ಮುಟ್ಟಬ್ಯಾಡ್ರಿ ಅಂತ ಒಂದಽ ಉಸರಿನ್ಯಾಗ ಹೇಳಿದ. ಬಾಜೂಕ ಅವಧೂತ ಸರ್ ನಿಂತಿದ್ರು. ಹಿಂದವಾಡ್ಯಾಗ ಮನಿ, ಕಾಲೇಜಿನ್ಯಾಗ ಇತಿಹಾಸ ಕಲಸ್ತಾರ, ರಜಾ ದಿನಾ ಮ್ಯೂಸಿಯಂ ನೋಡಿಕೊಳ್ತಾರಂತ. ಕನ್ನಡಾ ಮರಾಠಿ ಎರಡೂ ಕೂಡಿಸಿ ಆಡೂ ಸಂಭಾವಿತ ಮನಷಾ. "ಯಾ, ಯಾ, ಬರ್ರಿ ಕಾಕಾ, ಬರ್ರಿ ಮಾವಶಿ. ಖಾನಾಪುರದಿಂದ ಬಂದೀರಿ? ಭಾರೀ ಸಂತೋಷ" ಅಂತ ತಾವಽ ತೋರಸಾಕ ಹೊಂಟ್ರು.

ನೆಟ್ಟಗ ಗುಮ್ಮಟದ ಕಡೆ ಹೋದರ ಮುಗೀತಿತ್ತು. ಹೋಗಬೇಕಲ್ಲ ಈ ಮನಷಾ! ಮದ್ಲನೇ ಖೋಲ್ಯಾಗಽ ಅವಗ ಮರವು ಬಡೀತು. ಅಲ್ಲೊಂದ ಕುರಾನ್ ಇಟ್ಟು ಓದೂ ಕಟಗಿ ಸ್ಟ್ಯಾಂಡ್ ಇತ್ತು, ಎರಡ ಹಲಗಿ ಕತ್ತರಿ ಹಾಕಿ ನಿಂತಂಗ. "ಕಾಡವ್ವಾ, ಬಾ ಇಲ್ಲೆ! ಎರಡ ಹಲಗಿ ಅಲ್ಲಽ ಇವು. ಒಂದಽ ಹಲಗಿ! ಮೊಳಿ ಇಲ್ಲ, ಬಿಜಾಗ್ರಿ ಇಲ್ಲ, ನಡುವ ಕೊರದು ಒಂದನ್ನ ಎರಡ ಮಾಡ್ಯಾನ, ಆದ್ರೂ ಬಿಟ್ಟಿಲ್ಲ! ಎಂಥಾ ಕೈ ಇದ್ದೀತು ಅವಂದು!" ಅಂತ ಅದರ ಮುಂದ ಹದಿನೈದ ಮಿನಿಟ ನಿಂತ. ಕಾಡವ್ವನ ಕಾಲ ಹರಿಯಾಕತ್ತಿದ್ದವು. ನೀಲಿ ಹೂವಿನ ಫರಸಿ ತುಂಡು ಬಂದವು, ಬೆಳ್ಳಿ ಎಳಿ ಕೂಡಿಸಿದ ಬೀದರದ ಕರೇ ಹುಕ್ಕಾ ಬಂತು, ಅಕ್ಷರಾ ಬಳ್ಳಿ ಹಬ್ಬಿದಂಗ ಕೆತ್ತಿದ ಕಲ್ಲು ಬಂತು. ಕಲ್ಲಿನ ಜಾಳಿಗಿ ಕಿಡಕಿ ಮುಂದ ಬಂದಾಗಂತೂ ಅಂವ ಕಣ್ಣ ಒರಸಿಕೊಂಡ. ಕಲ್ಲಿನ್ಯಾಗ ತಪ್ಪಾದ್ರ ತಿರಗಿ ಕೂಡಸಾಕ ಬರೂದಿಲ್ಲಲ್ಲ, ಇಷ್ಟ ತೂತಿನ್ಯಾಗ ಒಂದೂ ತಪ್ಪಿಲ್ಲಲ್ಲ ಅಂದ.

"ಹಂಗಾರ ಅವರ ಮನಿ ಬಾಗಲಾ ನೆಟ್ಟಗ ಮುಚ್ಚತಿದ್ದಿರಬೇಕು" ಅಂದಳು ಕಾಡವ್ವ.

ಕಡೇ ಖೋಲಿ ನಡುವ, ಗಾಜಿನ ಪೆಟಗ್ಯಾಗ, ಗುಮ್ಮಟಾ ಇತ್ತು.

ಕಾಡವ್ವ ಎಷ್ಟು ಬೈಬೇಕಂತ ಬಂದಿದ್ದಳೋ ಅಷ್ಟೂ ಮರತಳು. ನಾಕ ಮೂಲಿಗೆ ನಾಕ ಮಿನಾರ, ನಡುವ ಆ ದೊಡ್ಡ ಗುಮ್ಮಟಾ, ಬುಡದಾಗ ಸುತ್ತಲೂ ಎಸಳು, ಎಲ್ಲಾ ಸಾಗವಾನಿ. ಒಂದ ಮಿನಾರದ ತುದಿ ಕರ್ರಗ ಇತ್ತು.

ಗುರುಸಿದ್ದಪ್ಪ ಗಾಜಿಗೆ ಎರಡೂ ಕೈ ಹಚ್ಚಿ ನಿಂತ. ಬಂಡೆಪ್ಪ ಬಾಗಲದಿಂದಽ "ಏ ಅಜ್ಜಾ, ಕೈ! ಕೈ!" ಅಂತ ಒದರಿದ.

"ಇದು ನಾ ಮಾಡಿದ್ದ್ರಿ ಸರ" ಅಂದ ಗುರುಸಿದ್ದಪ್ಪ.

ಅವಧೂತ ಸರ್ ನಕ್ಕರು. ಸತ್ಯಪ್ಪನಂಗ ಅಲ್ಲ, ಮರ್ಯಾದಿಯಿಂದ ನಕ್ಕರು. ಕಾಡವ್ವಗ ಅದು ಇನ್ನೂ ಚುಚ್ಚಿತು.

"ಕಾಕಾ, ಇಂಥಾದ್ದು ನೀವೂ ಮಾಡಿರಬಹುದು, ನಾ ಇಲ್ಲ ಅನ್ನೂದಿಲ್ಲ. ಆದ್ರ ಇದು ಬ್ಯಾರೆ. ನಾ ಇದರ ಮ್ಯಾಲ ಎರಡ ವರ್ಷ ಅಭ್ಯಾಸ ಮಾಡಿ ಪುಸ್ತಕಾ ಬರದೇನಿ, ಛಾಪಖಾನಿಗೆ ಕೊಡೂದಷ್ಟ ಉಳದೈತಿ. ನೋಡ್ರಿ, ಖರೇ ಗುಮ್ಮಟದ ಅಳತೀನ ನೂರರಿಂದ ಭಾಗಿಸಿದ್ರ ಇದರ ಅಳತಿ ಬರಬೇಕು. ಬರೂದಿಲ್ಲ. ಎಲ್ಲಾ ಕಡೆ, ಎಲ್ಲಾ ಅಂದ್ರ ಎಲ್ಲಾ ಕಡೆ, ನೂರಕ್ಕೊಂದು ಹೆಚ್ಚ ಐತಿ! ಯಾಕ? ಅವರ ಗಜ ನಮ್ಮದಕ್ಕಿಂತ ಬ್ಯಾರೆ ಇತ್ತು. ಕಳದು ಹೋದ ಆ ಗಜದ ಉದ್ದಾ ಈ ಮಾದರಿ ಒಳಗ ಅಡಗೈತಿ. ಅದನ್ನ ನಾ ಕಂಡ ಹಿಡದೇನಿ."

ಗುರುಸಿದ್ದಪ್ಪನ ಮಾರಿ ಸಪ್ಪಗಾತು. ಕಾಡವ್ವನ ಕಡೆ ಒಮ್ಮಿ ನೋಡಿದ.

"ಅದು... ಗಜದ್ದಲ್ಲರಿ ಸರ."

"ಮತ್ತ?"

"ನೀವು ತಗದು ನೋಡ್ರಿ. ಇದು ಎರಡ ಹೋಳ ಐತಿ. ನಡುವ ಬಿಚ್ಚತೈತಿ. ಪ್ಯಾಟರ್ನ್ ಹಂಗಽ ಮಾಡೂದ್ರಿ ನಾವು. ಒಳಗ ನಾ ಬರದಿರತೇನಿ."

"ಬಿಚ್ಚೂದಾ?" ಅವಧೂತ ಸರ್ ಎದಿ ಮ್ಯಾಲ ಕೈ ಇಟ್ಟುಕೊಂಡ್ರು. "ಮುನ್ನೂರೈವತ್ತ ವರ್ಷದ ವಸ್ತು ಕಾಕಾ! ಎಲ್ಲೂ ಸಂದು ಕಾಣೂದಿಲ್ಲ, ಅದ್ಹೆಂಗ ಬಿಚ್ಚೀತು?"

"ಸಂದು ಕಾಣಬಾರದಂತನಽ ನಾ ಮಾಡಿದ್ದು!"

ಹತ್ತ ಮಿನಿಟ ಇದಽ ನಡೀತು. ಇಂವ ಬಿಚ್ಚರಿ ಅಂತಾನ, ಅವರು ಆಗೂದಿಲ್ಲ ಅಂತಾರ. ಇಂವ ನಂದು ಅಂತಾನ, ಅವರು ಚಾ ಕುಡೀರಿ ಅಂತಾರ. ಕಾಡವ್ವಗ ತಲಿ ಚಿಟ್ ಅಂತು. ನಿಂದಂತ ತೋರಸಾಕ ಏನರ ಇದ್ದರ ತೋರಸು, ಇಲ್ಲಾಂದ್ರ ನಡಿ ಮನಿಗೆ. ಬಾಯಾಗ ಏನೋ ಇಟಗೊಂಡು ನುಂಗೂದಿಲ್ಲ, ಉಗಳೂದಿಲ್ಲ.

"ಅಲ್ಲರಿ, ನೂರಕ್ಕೊಂದು ಯಾಕ ಹೆಚ್ಚಾತಂತ ಅವರು ಕೇಳಿದ್ರ ಹೇಳಬಾರದಾ? ಗಜಾ ಅಲ್ಲಂದ್ರಿ, ಮತ್ತೇನದು?"

"ನೀ ಹೊರಗ ಹೋಗಿ ಒಂದೀಟ ನೀರ ಕುಡದ ಬಾ ಕಾಡವ್ವಾ."

"ನನಗ ನೀರಡಿಕಿ ಆಗಿಲ್ಲ."

"ಕಾಲ ನೋಯ್ತಾವಂದಿ, ಬಾಗಲದಾಗ ಕುಂದರು ಹೋಗು."

"ಇಲ್ಲೇ ಕುಂದರತೇನಿ" ಅಂತ ಕಾಡವ್ವ ಕಲ್ಲಹಾಸಿನ ಮ್ಯಾಲ ಸೆರಗ ಸುತ್ತಿ ಕುಂತಽ ಬಿಟ್ಟಳು.

ಗುರುಸಿದ್ದಪ್ಪ ಅಕಿನ್ನ ನೋಡಿದ, ಗುಮ್ಮಟಾ ನೋಡಿದ. ಆಮ್ಯಾಲ ಹಿಂದ ತಿರಗಿ, ತಾವು ದಾಟಿ ಬಂದ ಆ ಕಲ್ಲಿನ ಜಾಳಿಗಿ ಕಿಡಕಿ ಕಡೆ ನೋಡಿದ.

"ಸರ, ಆ ಕಿಡಕಿ ಮಾಡಿದವರು ಒಂದ ತೂತ ತಪ್ಪಿಲ್ಲ," ಅಂದ. "ಅಂಥವರ ಹೆಸರಿಗೆ ನನ್ನ ತಪ್ಪ ಹಚ್ಚಿ ನೀವು ಪುಸ್ತಕಾ ಬರದ್ರ ನಾ ಸುಮ್ಮನಿರೂದು ಹೆಂಗ್ರಿ? ಅವರ ಗಜಾ ಸರಿ ಇತ್ತು. ತಪ್ಪು ನಂದು."

ಒಳ ಕಿಸೆದಾಗ ಕೈ ಹಾಕಿ ಉಕ್ಕಿನ ಪಟ್ಟಿ ತಗದ.

"ಇದು ಶ್ರಿಂಕೇಜ್ ಪಟ್ಟಿ ಅಂತರಿ. ಕಬ್ಬಿಣದ ನೀರ ಆರಿದಾಗ ನೂರಕ್ಕ ಒಂದರಷ್ಟು ಕುಗ್ಗತೈತಿ. ಅದಕ್ಕ ಕಟಗಿ ಪ್ಯಾಟರ್ನ್ ನೂರಕ್ಕೊಂದು ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕಾ ಹಾಕೂದು ಯಾಕಂತ ನಮ್ಮ ಪಟ್ಟೀನಽ ಹಂಗ ಕೊರದಿರ್ತಾರ. ಇದರ ಒಂದ ಸೆಂಟಿಮೀಟರು ನಿಮ್ಮದಕ್ಕಿಂತ ಕೂದಲಷ್ಟು ದೊಡ್ಡದು. ಗುಮ್ಮಟಾ ಎರಕಾ ಹೊಯ್ಯೂದಲ್ಲ, ಹಂಗಽ ಇಡೂದು, ಸಾದಾ ಪಟ್ಟೀಲೆ ಮಾಡಬೇಕಿತ್ತು. ರೂಢಿ ಕೈ. ಇದನ್ನಽ ಹಿಡದು ಆರ ತಿಂಗಳ ಮಾಡಿದೆ. ಮುಗದ ಮ್ಯಾಲ ತಿಳೀತು. ಸಾಹೇಬ್ರು ಖುಷಿಯಾಗಿದ್ರು, ನಾ ಬಾಯಿ ಬಿಡಲಿಲ್ಲ."

ಅವಧೂತ ಸರ್ ಮೇಜಿನ ಖಣದಾಗಿನ ತಮ್ಮ ಪಟ್ಟಿ ತಂದು ಬಾಜೂಕ ಹಿಡದ್ರು. ಗುರುಸಿದ್ದಪ್ಪನ ಮೂವತ್ತು ಅವರ ಮೂವತ್ತಕ್ಕಿಂತ ಮೂರ ಗೆರಿ ಮುಂದ ಹೋಗಿ ನಿಂತಿತ್ತು.

ಕಾಡವ್ವ ಕುಂತಲ್ಲಿಂದ ಎದ್ದಳು. ಬಗ್ಗಿ ಎರಡೂ ಪಟ್ಟಿ ನೋಡಿದಳು. ಓದು ಅಷ್ಟಕ್ಕಷ್ಟಽ ಆದ್ರೂ ಒಂದು ಉದ್ದ ಒಂದು ಗಿಡ್ಡ ಅನ್ನೂದು ಕುರುಡರಿಗೂ ತಿಳೀತೈತಿ.

"ಅಡಗಿಮನಿ ಕಪಾಟಿನ ಬಾಗಲಾ ಯಾವ ಪಟ್ಟೀಲೆ ಮಾಡಿದ್ರಿ?" ಅಂದಳು ಮೆಲ್ಲಕ.

ಗುರುಸಿದ್ದಪ್ಪ ಪಟ್ಟಿ ಹಿಂದಕ ಎಳಕೊಂಡ.

"ಬಚ್ಚಲದ್ದು?"

ಅಂವ ಪಟ್ಟಿ ಅಂಗಿಗೆ ಒರಸಾಕತ್ತ.

"ಚೌಕಟ್ಟೆಲ್ಲಾ ಈರಣ್ಣ ಬಡಿಗ್ಯಾ ಸಾದಾ ಪಟ್ಟೀಲೆ ಮಾಡಿದ್ದ. ಬಾಗಲಾ ನೀವು ಇದರಿಂದ ಮಾಡಿದ್ರಿ. ಹೊಂದಲಿಲ್ಲಂತ ರಂಧಾ ಹೊಡದು ಕಟಗಿ ಹೆರದು ಹೆರದು ತುರುಕಿದ್ರಿ. ಹಂಗಾರ ಮಳಿಗೆ ಉಬ್ಬಿದ್ದಲ್ಲಾ?" ಕಾಡವ್ವನ ದನಿ ಖೋಲಿ ತುಂಬ ಆತು. "ಎವ್ವಾ ನನ್ನವ್ವಾ! ಇಪ್ಪತ್ತೇಳ ವರ್ಷ! ಇಪ್ಪತ್ತೇಳ ವರ್ಷ ಮೊಣಕಾಲ ಕೊಟ್ಟು ಕೊಟ್ಟು ನನ್ನ ಮೊಣಕಾಲಿನ ಚಿಪ್ಪ ಸವದು ಹೋತು, ಮಳಿಗೆ ಉಬ್ಬೇತಿ ಅಂತ ಹೇಳಕೋತ ಬಂದ್ರಲ್ಲ! ಲಗ್ನದ ಫೋಟೋ ಇನ್ನೂ ಖಣದಾಗ ಕುಂತಾವಲ್ಲ! ಸರ, ಬರಕೋರಿ, ಈ ಗುಮ್ಮಟಾ ಇವರದಽ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ನಮ್ಮ ಮನಿಗೆ ಬರ್ರಿ, ಕಳದು ಹೋದ ನಿಮ್ಮ ಗಜಾ ನಮ್ಮ ಬಚ್ಚಲದಾಗೂ ಐತಿ!"

ಬಂಡೆಪ್ಪ ನಗಬೇಕಂದಾಂವ ಅಕಿ ಮಾರಿ ನೋಡಿ ಬಾಗಲದ ಕಡೆ ತಿರಗಿದ. ಅವಧೂತ ಸರ್ ನಗಲಿಲ್ಲ. ಗಂಡಸು ಹೆಸರಿಗಾಗಿ ಸುಳ್ಳ ಹೇಳಿಯಾನು, ಇಷ್ಟು ಸಿಟ್ಟಾದ ಹೆಂಡತಿ ಸುಳ್ಳ ಹೇಳೂದು ಕಷ್ಟ. ಅವರು ಕೀಲಿ ತಂದು ಗಾಜಿನ ಪೆಟಗಿ ತಗದ್ರು, ಗುರುಸಿದ್ದಪ್ಪನ ಪಟ್ಟಿ ಹಿಡದು ಪೀಠಾ ಅಳದ್ರು. ಅವರ ವಹೀ ಒಳಗ ಅರವತ್ತು ಪಾಯಿಂಟ್ ಆರು ಅಂತ ಬರದದ್ದು ಈ ಪಟ್ಟಿಗೆ ಬರೋಬ್ಬರಿ ಅರವತ್ತು. ಮೂವತ್ತು ಪಾಯಿಂಟ್ ಮೂರು ಇದ್ದದ್ದು ಬರೋಬ್ಬರಿ ಮೂವತ್ತು. ಎಲ್ಲಿ ಇಟ್ಟರೂ ಗೆರಿಗೆ ಗೆರಿ.

"ಬಿಚ್ಚರಿ ಕಾಕಾ" ಅಂದ್ರು ಕಡೀಕ.

ಗುರುಸಿದ್ದಪ್ಪ ಹಿಂದಿನ ಮೂಲ್ಯಾಗ ಬೆರಳಾಡಿಸಿ, ಕಣ್ಣಿಗೆ ಕಾಣದ ಸಂದಿನ್ಯಾಗ ಪಟ್ಟಿ ಅಂಚು ಇಟ್ಟು ಮೀಟಿದ. ಬರಲಿಲ್ಲ. ಮತ್ತೊಮ್ಮಿ ಮೀಟಿದ. ಹಣಿ ಬೆವರಿತು. ಬರಲಿಲ್ಲ.

"ಬಿಗಿ ಹಿಡದೇತಿ" ಅಂದ.

"ಮಳಿಗೆ ಉಬ್ಬಿರಬೇಕು" ಅಂದಳು ಕಾಡವ್ವ. "ಸರೀರಿ ಆಚೆ."

ಅಕಿಗೆ ಇವನ ಕೈಯಾಗಿನ ಕಟಗಿ ತಗಿಯೂದು ಯಾರ ಕಲಸಬೇಕು? ಸಂದಿನ್ಯಾಗ ಪಟ್ಟಿ ಹಂಗಽ ಇರಲಿ ಅಂದಳು, ಕೆಳಗ ಅಂಗೈ ಕೊಟ್ಟು ಮ್ಯಾಲಕ ಎತ್ತಿದಂಗ ಮಾಡಿ, ಒಂದ ಸಣ್ಣ ಹೊಡತ ಕೊಟ್ಟು, ಎಡಕ ಹೊಳ್ಳಿಸಿದಳು. ಟಕ್ ಅಂತು. ಗುಮ್ಮಟಾ ನಡುವ ಎರಡ ಹೋಳಾಗಿ ಅಕಿ ಕೈಯಾಗ ಬಂತು.

ಒಳಗ ಪಾಲಿಶ್ ಇರಲಿಲ್ಲ, ಹಸಿ ಸಾಗವಾನಿ ವಾಸನಿ ಇನ್ನೂ ಇತ್ತು. ಬಿಳೀ ಕಟಗಿ ಮ್ಯಾಲ ಬಡಿಗ್ಯಾರ ಪೆನ್ಸಿಲ್ಲಿನ ದಪ್ಪ ಅಕ್ಷರಾ. ಅವಧೂತ ಸರ್ ಚಷ್ಮಾ ಏರಿಸಿ ಗಟ್ಟ್ಯಾಗಿ ಓದಿದ್ರು.

"ಗುರುಸಿದ್ದ, ಪ್ಯಾಟರ್ನ್ ಶಾಪ್. ತಾರೀಖು ಹದಿಮೂರು, ಮೂರು, ಎಪ್ಪತ್ತೇಳು." ಅಷ್ಟ ಓದಿ ಅವರು ಸ್ಟೂಲಿನ ಮ್ಯಾಲ ಕುಂತ್ರು. ಎರಡ ವರ್ಷದ ಪುಸ್ತಕಾ ಹೋತು. ಚಷ್ಮಾ ಒರಸಿಕೊಂಡು, "ಛಾಪಖಾನಿಗೆ ಕೊಡೂ ಮದ್ಲಽ ಬಂದ್ರಿ ಕಾಕಾ. ದೇವರು ನಿಮ್ಮನ್ನ ಕಳಿಸಿದ" ಅಂದ್ರು. "ಪೆಟಗಿ ಮ್ಯಾಲಿನ ಈ ಚೀಟಿ ತಗದು ನಿಮ್ಮ ಹೆಸರಿಂದು ಬರದು ಹಚ್ಚತೇನಿ."

"ತಪ್ಪೂ ಬರೀರಿ," ಅಂದ ಗುರುಸಿದ್ದಪ್ಪ. "ನೂರಕ್ಕೊಂದು ಹೆಚ್ಚ ಐತಿ, ಅದು ಮಾಡಿದವನ ತಪ್ಪು ಅಂತ ಬರೀರಿ." 

ಸರ್ ಗೋಣ ಹಾಕಿ, ಮತ್ತ ಹೋಳಿನ ಒಳಗ ಬಗ್ಗಿದ್ರು. "ಕೆಳಗ ಇನ್ನೂ ಏನೋ ಐತಿ. ಸಾಬಣ. ಕಂದೀಲ ಗಾಜು. ಕಾಡವ್ವಗ ಹಸರ ಬಳಿ, ಎರಡ ಡಜನ್. ಮರೀಬಾರದು. ಇದರ ಕೆಳಗ ಎರಡ ಗೆರಿ ಎಳದೀರಿ."

"ನಾ ಹೇಳಿದ್ನಿಲ್ಲ, ಬರದಿದ್ದೆ ಅಂತ" ಅಂದ ಗುರುಸಿದ್ದಪ್ಪ. ಅವನ ದನಿ ಸಣ್ಣದಾಗಿತ್ತು. "ಅವತ್ತ ಐತವಾರ, ಕಡೇ ಕೆಲಸಾ. ಬರದೆ, ಮುಚ್ಚಿದೆ, ಸಾಹೇಬ್ರಿಗೆ ಕೊಟ್ಟ ಬಂದೆ. ಎಲ್ಲಿ ಬರದೆ ಅನ್ನೂದು ಇಪ್ಪತ್ನಾಕ ವರ್ಷ ನೆನಪಾಗಲಿಲ್ಲ ನೋಡು."

ಕಾಡವ್ವ ಆ ಎರಡ ಗೆರಿ ಮ್ಯಾಲ ಬೆರಳಿಟ್ಟಳು. ಬಂಡೆಪ್ಪ ಮುಟ್ಟಬ್ಯಾಡ ಅನ್ನಲಿಲ್ಲ. ಅಕಿಗೆ ಅಳು ಬಂತು, ಅಳಾಕೂ ಸಿಟ್ಟು ಬಂತು. ಎರಡು ಮಾತು ಅಕಿ ನಂಬಿರಲಿಲ್ಲ, ಎರಡೂ ಖರೇ ಆಗಿ ಒಂದಽ ಹೋಳಿನ್ಯಾಗ ಕುಂತಿದ್ದವು. ಈ ಮನಷಾ ಸುಳ್ಳ ಹೇಳಿದ್ದು ಮಳೀದೊಂದಽ.

"ಬರದು ಅದರ ಮ್ಯಾಲ ಗೋಲಗುಮ್ಮಟಾ ಮುಚ್ಚಿ ಬರತಾರೇನ್ರಿ ಯಾರರ?" ಅಂದಳು. "ಏನ್ ಮನಷಾರ್ರಿ ನೀವು? ನಾ ಸತ್ತಿದ್ರ? ಇದನ್ನ ನೋಡದಽ ಸತ್ತಿದ್ರ, ಆ ಸಂಗವ್ವನ ಮಾತಽ ತಲ್ಯಾಗ ಇಟಗೊಂಡು ಹೊಕ್ಕಿದ್ನಲ್ಲ!"

ಅವಧೂತ ಸರ್ ಚಾ ತರಿಸಿದ್ರು. ಕುಡದು ಹೊರಗ ಬಿದ್ದಾಗ ಮೂರ ಗಂಟಿ. ಗುರುಸಿದ್ದಪ್ಪ ಖಾನಾಪುರದ ಬಸ್ಸಿನ ಕಡೆ ಹೊಂಟ. ಕಾಡವ್ವ ಅವನ ರಟ್ಟಿ ಹಿಡದು ಖಡೇ ಬಜಾರದ ಕಡೆ ಹೊಳ್ಳಿಸಿದಳು.

"ನಾಳಿ ಸತ್ಯಪ್ಪನ ಅಂಗಡಿಗೆ ನಾನಽ ಬರತೇನಿ," ಅಂದಳು ದಾರ್ಯಾಗ. "ಉಳದ ಅರ್ಧಾ ತಲಿ ಅಂವ ಪುಕಟ್ಟ ಕತ್ತರಿಸಬೇಕು, ನಾ ನಿಂತ ಹೇಳತೇನಿ. ಆಮ್ಯಾಲ ಈರಣ್ಣನ್ನ ಕರಿಸಿ ಎಲ್ಲಾ ಬಾಗಲಾ ತಗಸೂದು."

ಬಳಿ ಅಂಗಡ್ಯಾಗ ಬಳಿಗಾರ್ತಿ ಹಸರ ಗಾಜಿನ ಬಳಿ ಹರವಿದಳು. ಐವತ್ತು ವರ್ಷದಾಕಿಗೆ ಎರಡ ಡಜನ್ ಹಸರ ಬಳಿ ಯಾಕಂತ ಆಕಿ ಕೇಳಲಿಲ್ಲ. ಕೈ ಹಿಡದು ನೋಡಿ, ಯಾವ ಅಳತಿ ಬೇಕು ಅಂದಳು. ಕಾಡವ್ವಗ ಗೊತ್ತಿರಲಿಲ್ಲ, ಎಪ್ಪತ್ತೇಳರ ಕೈ ಈಗ ಎಲ್ಲಿ ಉಳದೈತಿ? ಬಾಜೂಕ ನಿಂತ ಗುರುಸಿದ್ದಪ್ಪನ ಕೈ ಒಳಕಿಸೆಗೆ ಹೋತು.

"ತಡಿ, ಅಳತಿ ನಾ ಹೇಳತೇನಿ" ಅಂದ.

"ಆ ಪಟ್ಟಿ ಒಳಗ ಇಡ್ರಿ ಮದ್ಲ!" ಅಂದಳು ಕಾಡವ್ವ.